ಮೊದಲ ಸಂಬಳದವರ ಮನೆವಾರ್ತೆ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕೆಲಸಕ್ಕೆ ಸೇರಿ ವರ್ಷ, ಎರಡು ವರ್ಷ ಆದವರದ್ದು. ದೇವರ ವಿಷಯ ಕೇಳುತ್ತಿದ್ದಾರೋ ಬ್ಯಾಂಕಿನ ವಿಷಯ ಕೇಳುತ್ತಿದ್ದಾರೋ ತಿಳಿಯದೆ ಕೆಲವನ್ನು ಎರಡೆರಡು ಸಲ ಓದಿದೆ. ಹೊಟ್ಟೆಪಾಡಿಗೆ ನಾನು ಮಾಡಿದ್ದು ಲೆಕ್ಕ ಬರೆಯುವ ಕೆಲಸ. ಭಾನುವಾರ ಮಾಡಿದ್ದೂ ಅದೇ, ಚರ್ಚಿನ ಸಭೆಯ ಖಜಾಂಚಿಯಾಗಿ 19 ವರ್ಷ. ಪ್ರಸಂಗ ಬೇಕಾದವರು ನಿಮ್ಮ ಸಭಾಪಾಲಕರ ಹತ್ತಿರ ಹೋಗಿ. ಇಲ್ಲಿ ಸಿಗುವುದು ಗುಮಾಸ್ತೆಯ ಉತ್ತರ.

ಪ್ರಶ್ನೆ: ಅಮ್ಮ, ನನಗೆ 23 ವರ್ಷ. ಮೊದಲ ಕೆಲಸ. ಓದಿಗೆ ಮಾಡಿದ ಸಾಲದ ಕಂತು, ಬಾಡಿಗೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ದಶಮಾಂಶವನ್ನು, ಅಂದರೆ ದೇವರಿಗೆಂದು ಕೊಡುವ ಹತ್ತನೆಯ ಪಾಲನ್ನು, ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಬೇಕೋ, ತೆರಿಗೆ ಕಳೆದು ಕೈಗೆ ಬಂದದ್ದರ ಮೇಲೋ? ಪೂರ್ತಿ ಕೊಡಲಾಗದ ತಿಂಗಳು ಕಾಣಿಕೆ ಚೀಲ ಹತ್ತಿರ ಬಂದಾಗ ತಲೆ ತಗ್ಗಿಸಿ ಕೂರುತ್ತೇನೆ.

ಉತ್ತರ: ಕೈಗೆ ಬಂದದ್ದರ ಮೇಲೆ ಹಾಕಿ. ಇದು ನನ್ನ ಅಭಿಪ್ರಾಯ. ಪೂರ್ತಿ ಸಂಬಳದ ಮೇಲೆ ಎನ್ನುವ ಹಿರಿಯರೂ ಇದ್ದಾರೆ, ಅವರ ಜೊತೆ ನನಗೆ ಜಗಳವಿಲ್ಲ. ನಿಮ್ಮ ತಲೆ ತಗ್ಗಿಸುವಿಕೆಯ ಜೊತೆ ಮಾತ್ರ ಇದೆ.

ಶಾಸ್ತ್ರದಲ್ಲಿ, ಅಂದರೆ ಬೈಬಲಿನಲ್ಲಿ, ದಶಮಾಂಶ ಎಲ್ಲೆಲ್ಲಿ ಬರುತ್ತದೆ ಎಂದು ಒಮ್ಮೆ ನೀವೇ ಹುಡುಕಿ ಓದಿ, ಆಶ್ಚರ್ಯವಾಗುತ್ತದೆ. ಯಾಜಕಕಾಂಡ 27ರಲ್ಲಿ ಅದು ಹೊಲದ ಬೆಳೆ, ಮರದ ಹಣ್ಣು, ಕೋಲಿನ ಕೆಳಗೆ ಹಾದುಹೋಗುವ ಹತ್ತನೆಯ ಪಶು. ಅರಣ್ಯಕಾಂಡ 18ರಲ್ಲಿ ಅದು ದೇವರ ಸೇವೆಗೆ ಮೀಸಲಾದ, ಜಮೀನಿನಲ್ಲಿ ಪಾಲಿಲ್ಲದ ಲೇವಿಯರಿಗೆ ಹೋಗುತ್ತದೆ, ಆ ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೆಯ ಪಾಲು ಎತ್ತಿಡಬೇಕು. ಧರ್ಮೋಪದೇಶಕಾಂಡ 14ಕ್ಕೆ ಬಂದರೆ ಇನ್ನೊಂದೇ ಚಿತ್ರ. ಮನೆಮಂದಿಯೆಲ್ಲ ಕರ್ತನ ಸನ್ನಿಧಿಯಲ್ಲಿ ಕೂತು ಅದನ್ನು ಸಂತೋಷದಿಂದ ಊಟ ಮಾಡುತ್ತಾರೆ, ದಾರಿ ದೂರವಾದರೆ ಮಾರಿ ಬೆಳ್ಳಿ ಮಾಡಿಕೊಂಡು ಒಯ್ಯುತ್ತಾರೆ, ಮೂರನೆಯ ವರ್ಷದ ಪಾಲು ಅವರವರ ಊರಿನಲ್ಲೇ ಉಳಿದು ಲೇವಿಯ, ಪರದೇಶಿ, ಅನಾಥ, ವಿಧವೆಯರ ಹೊಟ್ಟೆ ಸೇರುತ್ತದೆ. ಸಂಬಳದ ಚೀಟಿ ಎಂಬುದು ಇದರಲ್ಲಿ ಎಲ್ಲೂ ಇಲ್ಲ. ತೆರಿಗೆಗೆ ಮುಂಚೆಯೋ ಆಮೇಲೋ ಎಂದು ಆ ಅಧ್ಯಾಯಗಳನ್ನು ಎಷ್ಟು ಹಿಂಡಿದರೂ ಉತ್ತರ ಸುರಿಯುವುದಿಲ್ಲ. ಮತ್ತಾಯ 23ರಲ್ಲಿ ಯೇಸು ಸ್ವಾಮಿ ಜೀರಿಗೆಯಲ್ಲೂ ಹತ್ತನೆಯ ಪಾಲು ಎಣಿಸಿ ಕೊಡುತ್ತಿದ್ದವರನ್ನು ಎಣಿಸಿದ್ದಕ್ಕಾಗಿ ಬಯ್ಯಲಿಲ್ಲ, ನ್ಯಾಯ, ಕರುಣೆ, ನಂಬಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ್ದಕ್ಕೆ ಬಯ್ದರು. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಎತ್ತಿಡಲಿ ಎಂದು ಬರೆದ. ಎಷ್ಟನೆಯ ಪಾಲು ಎಂದು ಬರೆಯಲಿಲ್ಲ. ಎರಡನೆಯ ಪತ್ರದಲ್ಲಿ, ಒಬ್ಬನ ಬಳಿ ಇರುವುದಕ್ಕೆ ತಕ್ಕ ಹಾಗೆ ಕೊಟ್ಟರೆ ಅದು ಸಲ್ಲುತ್ತದೆ, ಇಲ್ಲದ್ದಕ್ಕೆ ತಕ್ಕ ಹಾಗಲ್ಲ ಎಂದು ಬಿಡಿಸಿಯೇ ಹೇಳಿದ.

ಇಲ್ಲದ್ದನ್ನು ಕೊಡುವುದು ಎಂದರೇನು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಕೊಟ್ಟಿದ್ದೇನೆ. ಮೊದಲ ಕೆಲಸದಲ್ಲಿ ಸಂಬಳ ಬಂದ ಮೊದಲ ಭಾನುವಾರವೇ ಹತ್ತನೆಯ ಪಾಲನ್ನು ಲಕೋಟೆಗೆ ಹಾಕಿ, ಹೆಸರು ಸ್ವಲ್ಪ ದೊಡ್ಡದಾಗಿಯೇ ಬರೆದು ಹಾಕುತ್ತಿದ್ದೆ. 20ನೇ ತಾರೀಕಿನ ಹೊತ್ತಿಗೆ ಕೈ ಖಾಲಿ. ಪಕ್ಕದ ಮೇಜಿನವಳ ಹತ್ತಿರ ಕೈಸಾಲ. ಮುಂದಿನ ತಿಂಗಳು ಅದನ್ನು ತೀರಿಸಿ, ಲಕೋಟೆ ತುಂಬಿಸಿ, 18ಕ್ಕೇ ಖಾಲಿ. ಆಗ ಸಭೆಯ ಖಜಾಂಚಿಯಾಗಿದ್ದ ಹಿರಿಯರಿಗೆ ಅದು ಹೇಗೋ ತಿಳಿಯಿತು. ಒಂದು ಭಾನುವಾರ ಲಕೋಟೆಯನ್ನು ಕೈಯಲ್ಲೇ ಹಿಡಿದು, “ಈ ಕಾಣಿಕೆ ಯಾರದಮ್ಮಾ, ನಿನ್ನದೋ ನಿನ್ನ ಪಕ್ಕದ ಮೇಜಿನವಳದೋ?” ಎಂದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಹನ್ನೆರಡು ತಿಂಗಳು ಯಾರ ಮುಂದೆಯೂ ಕೈ ಚಾಚದೆ ತಪ್ಪದೆ ಕೊಡಬಲ್ಲೆ ಎನ್ನುವಷ್ಟನ್ನು ಹಿಡಿ, ವರ್ಷಕ್ಕೆ ನೂರಕ್ಕೆ ಒಂದರಂತೆ ಏರಿಸುತ್ತಾ ಹೋಗು ಅಂದರು. ನೂರಕ್ಕೆ 3ರಿಂದ ಶುರು ಮಾಡಿದೆ. ಹತ್ತು ಮುಟ್ಟಲು ಏಳು ವರ್ಷ ಹಿಡಿಯಿತು. ಮುಟ್ಟಿದ ತಿಂಗಳು ವಿಶೇಷವೇನೂ ಆಗಲಿಲ್ಲ, ಆ ತಿಂಗಳೂ ಮನೆ ಬಾಡಿಗೆ ಅಷ್ಟೇ ಇತ್ತು.

ಇನ್ನೊಂದು ಮಾತು. ನಮ್ಮ ಕನ್ನಡ ಬೈಬಲ್ ಆದ ಸತ್ಯವೇದದಲ್ಲಿ ಒಂದು ಪದ ಇದೆ, ಮನೆವಾರ್ತೆಯವನು. ಇಂಥವನು ನಂಬಿಗಸ್ತನಾಗಿರಬೇಕು ಎಂದು 1 ಕೊರಿಂಥ 4ರಲ್ಲಿ ಬರುತ್ತದೆ. ಯಜಮಾನನ ಮನೆ, ಯಜಮಾನನ ಉಗ್ರಾಣ, ಬೀಗದ ಕೈ ಮಾತ್ರ ಇವನ ಸೊಂಟದಲ್ಲಿ. ಇವನ ಹತ್ತಿರ ಯಜಮಾನ ಲೆಕ್ಕ ಕೇಳುವುದು ನೂರಕ್ಕೂ. ಹತ್ತಕ್ಕೆ ಮಾತ್ರ ಅಲ್ಲ. ಹಾಗಾಗಿ ನನಗೆ ನಿಮ್ಮ ಹತ್ತಕ್ಕಿಂತ ಉಳಿದ ತೊಂಬತ್ತರ ಮೇಲೆ ಕುತೂಹಲ ಹೆಚ್ಚು. ಕಳೆದ ತಿಂಗಳು ಅದು ಎಲ್ಲೆಲ್ಲಿ ಹೋಯಿತು ಎಂದು ಒಂದು ಪುಟದಲ್ಲಿ ಬರೆಯಬಲ್ಲಿರಾ? ಬರೆಯಲಾಗದಿದ್ದರೆ ಒಂದು ನೋಟ್‌ಬುಕ್ ಕೊಂಡು ನಾಳೆಯಿಂದ ಬರೆಯಿರಿ. ಆ್ಯಪ್ ಆದರೂ ಅಡ್ಡಿಯಿಲ್ಲ. ನನಗೆ ಪೆನ್ನೇ ವಾಸಿ, ಬರೆಯುವಾಗ ಕೈಗೆ ನೋವಾಗುತ್ತದೆ.

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಸಾಲವಿದೆ. 14 ತಿಂಗಳಿಂದ ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ದಶಮಾಂಶ ಒಂದು ತಿಂಗಳೂ ತಪ್ಪಿಸಿಲ್ಲ. ದಶಮಾಂಶ ತಂದರೆ ದೇವರು ಆಕಾಶದ ದ್ವಾರಗಳನ್ನು ತೆರೆದು ಆಶೀರ್ವಾದ ಸುರಿಸುತ್ತಾನೆ ಎನ್ನುವ ಮಲಾಕಿಯ 3:10ನ್ನು ನಂಬಿದ್ದೇನೆ. ದೇವರು ಯಾವಾಗ ದಾರಿ ತೋರಿಸುತ್ತಾನೆ?

ಉತ್ತರ: ಮೊದಲು ಲೆಕ್ಕ. ತಿಂಗಳಿಗೆ ನೂರಕ್ಕೆ 3ರ ಬಡ್ಡಿ, ಕನಿಷ್ಠ ಮೊತ್ತ ಬಾಕಿಯ ನೂರಕ್ಕೆ 5 ಎಂದಿಟ್ಟುಕೊಳ್ಳಿ. ನಿಮ್ಮ ಕಾರ್ಡಿನದು ಹೆಚ್ಚುಕಡಿಮೆ ಇರಬಹುದು, ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಾಕಿ 100 ಇದ್ದರೆ ಬಡ್ಡಿ ಸೇರಿ 103, ಅದರಲ್ಲಿ 5 ಪಾಲು ಕಟ್ಟಿದಿರಿ, ಉಳಿದದ್ದು 97.85. ಇಡೀ ಒಂದು ತಿಂಗಳ ಶ್ರಮಕ್ಕೆ ಇಳಿದದ್ದು 2 ಚಿಲ್ಲರೆ. ಹೀಗೆ ಒಂದು ವರ್ಷ, ಆ ಕಾರ್ಡಿನಿಂದ ಒಂದು ಗುಂಡುಸೂಜಿಯನ್ನೂ ಕೊಳ್ಳದೆ ಕಟ್ಟಿದರೆ, ನೀವು ಕೊಟ್ಟದ್ದು 55, ಬಡ್ಡಿಗೆ ಹೋದದ್ದು 32, ಸಾಲ ಇಳಿದದ್ದು 23. ವರ್ಷದ ಕೊನೆಗೂ 77 ಬಾಕಿ. ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ನಾನು ಇದನ್ನು ಕಾಗದದ ಮೇಲೆ ತಿಂಗಳು ತಿಂಗಳೂ ಬಿಡಿಸಿ ನೋಡಿಯೇ ಬರೆದಿದ್ದೇನೆ. ನೀವೂ ಬಿಡಿಸಿ. ಕನಿಷ್ಠ ಮೊತ್ತ ಎನ್ನುವುದು ಬ್ಯಾಂಕು ನಿಮಗೆ ತೋರಿಸುವ ದಯೆ ಎಂದುಕೊಂಡಿದ್ದರೆ ಆ ಕಾಗದ ಅದನ್ನು ಬಿಡಿಸುತ್ತದೆ.

ಇನ್ನು ಮಲಾಕಿಯ. ಆ ವಚನದಲ್ಲಿ ಆಕಾಶದ ದ್ವಾರಗಳ ಮಾತಿಗೆ ಮುಂಚೆ ಒಂದು ಉಗ್ರಾಣ ಬರುತ್ತದೆ, ನನ್ನ ಆಲಯದಲ್ಲಿ ಆಹಾರವಿರುವಂತೆ ಎಂಬ ಮಾತು ಬರುತ್ತದೆ. ಅದನ್ನು ನೆಹೆಮೀಯ 13ರ ಪಕ್ಕದಲ್ಲಿಟ್ಟು ಓದಿ. ಪಾಲು ಬಾರದೆ ಲೇವಿಯರೂ ಗಾಯಕರೂ ದೇವಾಲಯದ ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಸೇವೆ ಮಾಡುವವರ ತಟ್ಟೆ ಖಾಲಿ, ದೂರು ಅದು. ಇಡೀ ಜನಾಂಗ ತನ್ನವರನ್ನು ಹಸಿವಿಗೆ ಬಿಟ್ಟದ್ದಕ್ಕೆ ಹೇಳಿದ ಮಾತನ್ನು ಒಂದು ಕಾರ್ಡಿನ ಬಾಕಿಗೆ ಲಾಟರಿ ಚೀಟಿ ಮಾಡಿಕೊಳ್ಳಬಾರದು.

ನಿಮ್ಮ ಪರಿಸ್ಥಿತಿಗೆ ಹತ್ತಿರವಾದದ್ದು 2 ಅರಸುಗಳು 4. ಸಾಲ ಉಳಿಸಿ ಸತ್ತ ಪ್ರವಾದಿಯೊಬ್ಬನ ಹೆಂಡತಿ ಪ್ರವಾದಿ ಎಲೀಷನ ಹತ್ತಿರ ಬಂದು ಗೋಳಾಡುತ್ತಾಳೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರಾಗಿ ಒಯ್ಯಲು ಬಂದಿದ್ದಾನೆ. ಎಲೀಷ ಕೇಳಿದ್ದು, ಮನೆಯಲ್ಲಿ ಏನಿದೆ ಹೇಳು ಅಂತ. ಆಕೆ ಮೊದಲು ಏನೂ ಇಲ್ಲ ಎನ್ನುತ್ತಾಳೆ, ಆಮೇಲೆ ಒಂದು ಕುಡಿಕೆ ಎಣ್ಣೆ ನೆನಪಾಗುತ್ತದೆ. ಪಾತ್ರೆಗಳನ್ನು ತರಲು ನೆರೆಹೊರೆಯವರ ಮನೆಗೆ ಹೋಗಬೇಕು, ಅಂದರೆ ಸುದ್ದಿ ಬೀದಿಗೆಲ್ಲ ತಿಳಿಯುತ್ತದೆ. ಆ ಒಂದು ಕುಡಿಕೆಯ ಎಣ್ಣೆಯಿಂದ ಪಾತ್ರೆಗಳೆಲ್ಲ ತುಂಬುವ ಅದ್ಭುತ ನಡೆಯಿತು ನಿಜ. ಅದು ನಡೆದ ಮೇಲೂ ಎಲೀಷ ಹೇಳಿದ ಕ್ರಮ ಗಮನಿಸಿ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿಕೊಳ್ಳಿ.

ಹಾಗೇ ಮಾಡಿ. ಈ ವಾರ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಕಾರ್ಡನ್ನು ಪರ್ಸಿನಿಂದ ತೆಗೆದು ಅವರ ಕೈಗೆ ಕೊಡಿ. ಬ್ಯಾಂಕಿಗೆ ಹೋಗಿ, ಈ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿನ ಸಾಲವಾಗಿ ಮಾಡಿಕೊಡುತ್ತೀರಾ ಎಂದು ಕೇಳಿ. ಎಷ್ಟೋ ಕಡೆ ಮಾಡಿಕೊಡುತ್ತಾರೆ, ಕೇಳುವವರಿಗೆ ಮಾತ್ರ. ಸಾಲ ತೀರುವವರೆಗೆ ಕಾಣಿಕೆ ಚಿಕ್ಕದಾಗಲಿ, ನಿಲ್ಲುವುದು ಬೇಡ. ಇದನ್ನು ಒಪ್ಪದ ಪಾಲಕರು ನನಗೆ ಪತ್ರ ಬರೆಯುತ್ತಾರೆ, ಬರೆಯಲಿ. ಯಾರಿಗೂ ಏನೂ ಸಾಲ ಉಳಿಸಿಕೊಳ್ಳಬೇಡಿ ಎಂಬುದೂ ಅದೇ ಪುಸ್ತಕದಲ್ಲಿದೆ, ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ.

ಪ್ರಶ್ನೆ: ಮುಂದಿನ ವರ್ಷ ಮದುವೆ. ನನ್ನ ಮೇಲಿರುವ ಸಾಲದ ವಿಷಯ ಹುಡುಗಿಗೆ ಈಗಲೇ ಹೇಳಬೇಕೇ, ಮದುವೆಯಾದ ಮೇಲೆ ನಿಧಾನಕ್ಕೆ ಹೇಳಿದರೆ ಸಾಕೇ?

ಉತ್ತರ: ಈ ಪತ್ರಿಕೆ ಮಡಿಸಿಟ್ಟು ಈಗಲೇ ಹೇಳಿ. ಮೊತ್ತವನ್ನೂ ಹೇಳಿ, “ಸ್ವಲ್ಪ ಇದೆ” ಅಂತ ಅಲ್ಲ.

ಪ್ರಶ್ನೆ: ನಾಳೆಯ ವಿಷಯ ಚಿಂತೆ ಮಾಡಬೇಡಿ ಎಂದು ಕರ್ತನೇ ಹೇಳಿರುವಾಗ ಉಳಿತಾಯ, ವಿಮೆ ಎಲ್ಲ ಅಪನಂಬಿಕೆಯಲ್ಲವೇ? ನಮ್ಮ ಯುವಜನರ ಕೂಟದಲ್ಲಿ ಇದೇ ಚರ್ಚೆ.

ಉತ್ತರ: ಚರ್ಚೆ ಮಾಡುತ್ತಿರುವವರಲ್ಲಿ ಎಷ್ಟು ಜನ ಇನ್ನೂ ಅಪ್ಪನ ಮನೆಯಲ್ಲಿ ಊಟ ಮಾಡುತ್ತಿದ್ದಾರೆ ಎಂದು ತಿಳಿಯುವ ಆಸೆ. ಅವರ ನಾಳೆಯ ಚಿಂತೆಯನ್ನು ಬೇರೆ ಯಾರೋ ಮಾಡುತ್ತಿದ್ದಾರೆ.

ದೇವರು ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಅಂದಂದಿಗೆ ಕೊಟ್ಟ ಆಹಾರ ಮನ್ನ, ಅದರ ಕಥೆ ನೋಡಿ, ವಿಮೋಚನಕಾಂಡ 16. ಬೆಳಿಗ್ಗೆಗೆ ಇರಲಿ ಅಂತ ಬಚ್ಚಿಟ್ಟವರದು ಹುಳಬಿದ್ದು ನಾರಿತು. ಆರನೆಯ ದಿನ ಎರಡು ಪಾಲು ಕೂಡಿಸಿಟ್ಟದ್ದು ಮಾತ್ರ ಕೆಡಲಿಲ್ಲ. ಅದೇ ಮನ್ನ, ಅದೇ ಪಾತ್ರೆ. ಒಂದನ್ನು ನಾಳೆ ಸಿಗದಿದ್ದರೆ ಎಂಬ ಭಯದಿಂದ ಇಟ್ಟರು, ಇನ್ನೊಂದನ್ನು ವಿಶ್ರಾಂತಿಯ ಸಬ್ಬತ್ ದಿನ ಬರುತ್ತದೆ ಎಂದು ಗೊತ್ತಿದ್ದು, ಹೇಳಿದ ಮಾತಿನ ಪ್ರಕಾರ ಇಟ್ಟರು. ಬರುವುದು ಗೊತ್ತಿರುವ ದಿನಗಳು ನಮಗೂ ಇವೆ. ಕೆಲಸ ಹೋಗುವ ದಿನ, ಜ್ವರ ಬರುವ ದಿನ, ತಾಯಿಗೆ ಆಪರೇಷನ್ ಆಗುವ ದಿನ. ಐಗುಪ್ತದಲ್ಲಿ ಯೋಸೇಫನೂ ಅಷ್ಟೇ, ಬರ ಬರುತ್ತದೆ ಎಂದು ಗೊತ್ತಿತ್ತು. ಸುಭಿಕ್ಷದ ಏಳು ವರ್ಷ ಐದನೆಯ ಒಂದು ಪಾಲು ಕೂಡಿಡಿಸಿದ. ಅಲ್ಲಿನ ಅರಸ ಫರೋಹನ ಕನಸಿನ ಅರ್ಥ ದೇವರಿಂದ ಬಂತು, ಕಣಜ ಕಟ್ಟಿದ್ದು ಯೋಸೇಫ. ಇತ್ತ ಲೂಕ 12ರ ಐಶ್ವರ್ಯವಂತನೂ ಕಣಜ ಕಟ್ಟಲು ಹೊರಟವನೇ. ಅವನ ಮಾತನ್ನು ಗಟ್ಟಿಯಾಗಿ ಓದಿ ನೋಡಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಪ್ರಾಣ. ಇಡೀ ಸಂಭಾಷಣೆಯಲ್ಲಿ ಇನ್ನೊಬ್ಬ ಮನುಷ್ಯನಿಲ್ಲ.

ಮೂರರಿಂದ ಆರು ತಿಂಗಳ ಖರ್ಚಿಗಾಗುವಷ್ಟು ಬೇಗ ಕೈಗೆ ಸಿಗುವ ಜಾಗದಲ್ಲಿಡಿ. ಸಂಬಳವನ್ನಲ್ಲ, ಖರ್ಚನ್ನು ಲೆಕ್ಕ ಹಾಕಿ, ಮೊತ್ತ ಅಷ್ಟು ಹೆದರಿಸುವುದಿಲ್ಲ. ನಿಮ್ಮ ದುಡಿಮೆಯನ್ನು ನಂಬಿದವರು ಇದ್ದರೆ ಜೀವ ವಿಮೆಯೂ ಬೇಕು. ಇಲ್ಲದಿದ್ದರೆ ಆರೋಗ್ಯ ವಿಮೆ ಒಂದು ಸಾಕು. ಅಷ್ಟೇ.

ಪ್ರಶ್ನೆ: ಸಭೆಯ ಗೆಳೆಯ ಸಾಲಕ್ಕೆ ಜಾಮೀನು ಹಾಕು ಎನ್ನುತ್ತಿದ್ದಾನೆ. ಒಟ್ಟಿಗೆ ಪ್ರಾರ್ಥನೆ ಮಾಡುವವರು. ಇಲ್ಲ ಎಂದರೆ ಸಾಕ್ಷಿ ಕೆಡುತ್ತದೆಯೇ?

ಉತ್ತರ: ನನ್ನ 27ನೇ ವಯಸ್ಸಿನಲ್ಲಿ ಇದೇ ಕಾರಣಕ್ಕೆ ಒಂದು ಸಹಿ ಹಾಕಿದೆ. ನಿಂತುಕೊಂಡೇ ಹಾಕಿದೆ, ಕೂತು ಓದಲಿಲ್ಲ. ಓದಿದರೆ ಅವಳನ್ನು ನಂಬುವುದಿಲ್ಲ ಎಂದಾಗುತ್ತದೆ ಅಂದುಕೊಂಡೆ. ಏಳನೆಯ ತಿಂಗಳು ಒಂದು ಪತ್ರ ನನ್ನ ಹೆಸರಿಗೆ ಬಂತು. ಬೇರೆ ಯಾರದೋ ಪತ್ರ ತಪ್ಪಿ ಬಂದಿದೆ ಎಂದು ವಾಪಸ್ ಕೊಡಲು ಬಾಗಿಲವರೆಗೆ ಹೋಗಿದ್ದೆ. ಆಮೇಲೆ 31 ಕಂತು ನಾನೇ ಕಟ್ಟಿದೆ. ಹಣ ಹೋದದ್ದಕ್ಕಿಂತ ಹೆಚ್ಚಿಗೆ ನೆನಪಿರುವುದು, ಆ ಎರಡೂವರೆ ವರ್ಷ ಅವಳು ಆರಾಧನೆಯಲ್ಲಿ ಆ ಕಡೆಯ ಬೆಂಚಿನಲ್ಲಿ, ನಾನು ಈ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದದ್ದು. ಸಮಾಧಾನದ ಹಸ್ತ ಕೊಡುವಾಗ ಇಬ್ಬರೂ ಬೇರೆ ಕಡೆ ತಿರುಗುತ್ತಿದ್ದೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಜ್ಞಾನೋಕ್ತಿ 22 ಹಾಸಿಗೆಯನ್ನೇ ನಿಮ್ಮ ಕೆಳಗಿಂದ ಎಳೆದುಕೊಂಡು ಹೋಗುವ ಮಾತಾಡುತ್ತದೆ, ಅದೂ ಇನ್ನೊಬ್ಬನ ಸಾಲಕ್ಕೆ ಹೊಣೆಯಾದವನ ವಿಷಯದಲ್ಲಿ. ಆರನೆಯ ಅಧ್ಯಾಯ ಇನ್ನೂ ಅವಸರ ಮಾಡುತ್ತದೆ: ಕೈ ಕೊಟ್ಟಿದ್ದರೆ ಈಗಲೇ ಹೋಗಿ ಕಾಡಿ ಬೇಡಿ ಬಿಡಿಸಿಕೋ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡ ಹಾಗೆ ತಪ್ಪಿಸಿಕೋ. ಜ್ಞಾನೋಕ್ತಿಯನ್ನು ಬರೆದವರಿಗೆ ಯಾರೋ ಗೆಳೆಯರು ಇದ್ದಿರಬೇಕು.

ಗೆಳೆಯನಿಗೆ ಸಹಿ ಬೇಡ. ಕೊಡಲು ಆಗುವ ಮೊತ್ತ ಇದ್ದರೆ ಕೊಟ್ಟುಬಿಡಿ, ಸಾಲವೆಂದು ಅಲ್ಲ. ವಾಪಸ್ ಬಂದರೆ ಇನ್ನೊಬ್ಬರಿಗೆ ಆಗುತ್ತದೆ. ಈಗಾಗಲೇ ಸಹಿ ಹಾಕಿದ್ದರೆ ಸಾಲದ ಪ್ರತಿ ತರಿಸಿಕೊಂಡು ಈ ಸಲ ಕೂತು ಓದಿ.

ಪ್ರಶ್ನೆ: ತಂದೆತಾಯಿಗೆ ಹಣ ಕಳಿಸಿದರೆ ಸಭೆಗೆ ಕೊಡಲು ಉಳಿಯುವುದಿಲ್ಲ. ದೇವರಿಗೆ ಮೊದಲ ಸ್ಥಾನ ಅಲ್ಲವೇ?

ಉತ್ತರ: ಮಾರ್ಕ 7ರಲ್ಲಿ ಕೊರ್ಬಾನ್ ಎಂಬ ಮಾತಿದೆ, ದೇವರಿಗೆ ಮೀಸಲು ಎಂದರ್ಥ. ತಂದೆತಾಯಿಗೆ ಕೊಡಬೇಕಾದ್ದನ್ನು ಕೊರ್ಬಾನ್ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕರ್ತನು ಏನೆಂದು ಕರೆದನು ಎಂಬುದು ಅಲ್ಲೇ ಇದೆ. ತಾಯಿಯ ಔಷಧಿ ಮೊದಲು. ಅವರಿಗೆ ಅಗತ್ಯವಿಲ್ಲದಿದ್ದರೂ ಬಂಧುಗಳ ಮುಂದೆ ಹೇಳಿಕೊಳ್ಳಲು ಕಳಿಸುತ್ತಿದ್ದರೆ, ಅದು ಬೇರೆ ಪ್ರಶ್ನೆ, ನೀವು ಕೇಳಿಲ್ಲ.

ಪ್ರಶ್ನೆ: ಯಜಮಾನ ಮೂವರು ಆಳುಗಳಿಗೆ ಹಣ ಒಪ್ಪಿಸಿ ಹೋಗುವ ಯೇಸುವಿನ ಕಥೆಯಲ್ಲಿ, ತಲಾಂತುಗಳ ಸಾಮ್ಯದಲ್ಲಿ, ಧೈರ್ಯದಿಂದ ವ್ಯಾಪಾರ ಮಾಡಿದವರನ್ನೇ ಯಜಮಾನ ಮೆಚ್ಚಿದ. ನಮ್ಮ ಸಭೆಯ ಒಬ್ಬ ಸಹೋದರರು ತಿಂಗಳಿಗೆ ನೂರಕ್ಕೆ 10 ಲಾಭ ಕೊಡುವ ಯೋಜನೆ ತಂದಿದ್ದಾರೆ. ಆರು ಕುಟುಂಬಗಳು ಸೇರಿವೆ, ಎರಡು ತಿಂಗಳು ಸರಿಯಾಗಿ ಹಣ ಬಂದಿದೆ. ಸೇರಲೇ?

ಉತ್ತರ: ಬೇಡ.

ತಿಂಗಳಿಗೆ 10 ಎಂದರೆ, ಲಾಭದ ಮೇಲೆ ಲಾಭ ಸೇರಿ ವರ್ಷಕ್ಕೆ ಹಣ ಮೂರು ಪಟ್ಟು ದಾಟುತ್ತದೆ. ಹಾಗೆ ಹಣ ಬೆಳೆಸಬಲ್ಲ ಮನುಷ್ಯನಿಗೆ ನಿಮ್ಮ ಸಂಬಳ ಯಾಕೆ ಬೇಕು? 1920ರಲ್ಲಿ ಬೋಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಕ್ಕೆ ನೂರಕ್ಕೆ 50 ಲಾಭ ಎಂದು ಹೇಳಿದ, ಹೇಳಿದಂತೆ ಕೊಟ್ಟ ಕೂಡ. ಆಮೇಲೆ ಬಂದವರ ಹಣವನ್ನು ಮೊದಲು ಬಂದವರಿಗೆ ಲಾಭ ಎಂದು ಕೊಟ್ಟ. ಅದೇ ವರ್ಷ ಕುಸಿಯಿತು. ಎರಡು ತಿಂಗಳು ಸರಿಯಾಗಿ ಬಂದಿದೆ ಎಂಬುದು ನಿಮಗೆ ಪುರಾವೆಯಂತೆ ಕಾಣುತ್ತದೆ. ಇಂಥ ಯೋಜನೆಗಳು ಮೊದಲ ತಿಂಗಳುಗಳಲ್ಲಿ ಸರಿಯಾಗಿಯೇ ಕೊಡುತ್ತವೆ, ಕೊಡದಿದ್ದರೆ ಏಳನೆಯ ಕುಟುಂಬ ಬರುವುದಿಲ್ಲವಲ್ಲ. ನೀವೇ ಆ ಏಳನೆಯದು. ಸಭೆಯ ಒಳಗೆ ಇವು ಬೇಗ ಹಬ್ಬುವುದಕ್ಕೆ ಕಾರಣವೂ ಸರಳ, ಪ್ರಾರ್ಥನೆ ಮಾಡಿಸುವವರ ಹತ್ತಿರ ಕಾಗದ ತೋರಿಸಿ ಎನ್ನಲು ನಾಚಿಕೆ. ಆ ಸಹೋದರರು ಮೋಸಗಾರರೇ ಆಗಿರಬೇಕೆಂದಿಲ್ಲ, ಅವರೇ ಮೊದಲು ಮೋಸಹೋದವರು ಇರಬಹುದು. ಹಣ ಎಲ್ಲಿ ಹೂಡಿಕೆಯಾಗುತ್ತಿದೆ, ಯಾವ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಿದೆ, ಲೆಕ್ಕ ಪರಿಶೋಧಿಸುವವರು ಯಾರು ಎಂದು ಮೂರು ಪ್ರಶ್ನೆ ಕೇಳಿ. ಉತ್ತರಕ್ಕೆ ಬದಲು ವಚನ ಬಂದರೆ ಎದ್ದು ಬನ್ನಿ.

ಸಾಮ್ಯದ ವಿಷಯಕ್ಕೆ ಬಂದರೆ, ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಹೆಚ್ಚುಕಡಿಮೆ ಇಪ್ಪತ್ತು ವರ್ಷದ ದುಡಿಮೆ. ಒಂದೇ ತಲಾಂತು ಸಿಕ್ಕಿದವನು ಪಾಪ ಬಡವ ಎಂದು ಭಾನುವಾರ ಶಾಲೆಯಲ್ಲಿ ಕಲಿತದ್ದು ನಮ್ಮಲ್ಲಿ ಇನ್ನೂ ಉಳಿದಿದೆ. ಅವನ ಕೈಯಲ್ಲಿ ದೊಡ್ಡ ಗಂಟೇ ಇತ್ತು. ಅವನು ಗುಂಡಿ ತೋಡಿ ಅದನ್ನು ಹೂತಿಟ್ಟದ್ದು ಭಯದಿಂದ, ಅವನೇ ಹಾಗೆ ಹೇಳುತ್ತಾನೆ. ಯಜಮಾನ ಅವನಿಗೆ ಹೇಳಿದ್ದನ್ನು ನಿಮ್ಮ ಸಹೋದರರು ಓದಿದ್ದಾರೋ ಇಲ್ಲವೋ. ಕಡೆಗೆ ಸಾಹುಕಾರರ ಹತ್ತಿರವಾದರೂ ಇಡಬಾರದಿತ್ತೇ, ಬಡ್ಡಿ ಸಮೇತ ಬರುತ್ತಿತ್ತಲ್ಲ ಎನ್ನುತ್ತಾನೆ. ಇಲ್ಲಿ ಯಜಮಾನ ಸಾಮಾನ್ಯ ಬಡ್ಡಿಗೂ ತೃಪ್ತಿಪಡುವವನು. ಒಳ್ಳೆಯ ಆಳುಗಳು ದುಪ್ಪಟ್ಟು ಮಾಡಿದ್ದು ಬಹುಕಾಲದ ಮೇಲೆ ಎಂದೂ ಬರೆದಿದೆ. ವರ್ಷಕ್ಕೆ ನೂರಕ್ಕೆ 8ರಂತೆ ಬೆಳೆದರೂ ಹಣ ಒಂಬತ್ತು ವರ್ಷಕ್ಕೆ ಎರಡು ಪಟ್ಟಾಗುತ್ತದೆ. ನಿಮಗೆ ಈಗ 25 ಇದ್ದರೆ, ಬಹುಕಾಲ ಎನ್ನುವುದೇ ನಿಮ್ಮ ಹತ್ತಿರ ಇರುವ ದೊಡ್ಡ ತಲಾಂತು. ಒಂದೇ ಕಡೆ ಇಡಬೇಡಿ, ಏಳೆಂಟು ಪಾಲು ಮಾಡು ಎಂದು ಪ್ರಸಂಗಿ 11ರಲ್ಲಿದೆ. ಹೂಡಿಕೆಯ ಸಲಹೆಗಾರರು ಇದನ್ನೇ ದುಡ್ಡು ತೆಗೆದುಕೊಂಡು ಹೇಳುತ್ತಾರೆ.

ಪ್ರಶ್ನೆ: ಬಡ್ತಿ ಸಿಕ್ಕಿತು. ಈಗ ಸಂಬಳ ಮೊದಲಿನ ಒಂದೂವರೆ ಪಟ್ಟು. ಆದರೂ ತಿಂಗಳ ಕೊನೆಗೆ ಅದೇ ಕಥೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸಂಬಳದ ಜೊತೆ ಮನೆ ಏರಿತು, ಫೋನ್ ಏರಿತು, ಹೊರಗಡೆ ಊಟ ಏರಿತು. ತಪ್ಪು ಹುಡುಕಲು ನನ್ನಷ್ಟು ದೂರ ಬರಬೇಕಿರಲಿಲ್ಲ.

ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ (1703–1791) ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಾರೆ. ಅದು ಅವರದೇ ಲೆಕ್ಕ ಎಂದು ನಂಬುವವರು ಬಹಳ ಮಂದಿ. ಮೊದಲ ವರ್ಷ ಆದಾಯ 30 ಪೌಂಡು, 28ರಲ್ಲಿ ಬದುಕಿ 2 ದಾನ. ಎರಡನೆಯ ವರ್ಷ 60 ಬಂತು, ಖರ್ಚು 28, ದಾನ 32. ಮೂರನೆಯ ವರ್ಷ 90, ದಾನ 62. ನಾಲ್ಕನೆಯ ವರ್ಷ 120, ಆಗಲೂ ಖರ್ಚು 28, ದಾನ 92. ಖಜಾಂಚಿಯಾಗಿ ನನಗೆ ಆ ಕೊನೆಯ ಅಂಕಿಗಿಂತ ನಡುವಿನ 28ನ್ನು ನೋಡುವುದು ಇಷ್ಟ, ನಾಲ್ಕೂ ಸಾಲಿನಲ್ಲಿ ಅಲುಗಾಡದೆ ನಿಂತಿದೆ. ನೀವು ವೆಸ್ಲಿ ಆಗಬೇಕಿಲ್ಲ, ನಾನೂ ಆಗಲಿಲ್ಲ. ಮುಂದಿನ ಬಡ್ತಿಯಲ್ಲಿ ಹೆಚ್ಚಾದದ್ದರ ಅರ್ಧವನ್ನು ಮೊದಲ ತಿಂಗಳೇ, ಅಭ್ಯಾಸ ಆಗುವುದಕ್ಕೆ ಮುಂಚೆ, ಉಳಿತಾಯಕ್ಕೂ ದಾನಕ್ಕೂ ತಿರುಗಿಸಿಬಿಡಿ. ಎರಡನೆಯ ತಿಂಗಳಿಗೆ ಬಿಟ್ಟರೆ ಅದು ಸಿಗುವುದಿಲ್ಲ.

ಪ್ರಶ್ನೆ: ನಾವು ಕೊಟ್ಟ ಕಾಣಿಕೆ ಏನಾಯಿತು ಎಂದು ಸಭೆಯಲ್ಲಿ ಲೆಕ್ಕ ಕೇಳಿದೆ. “ಕೊಟ್ಟ ಮೇಲೆ ಅದು ದೇವರದು, ಕೇಳಬಾರದು” ಎಂದರು. ಕೇಳಿದ್ದು ತಪ್ಪೇ?

ಉತ್ತರ: ದೇವರದಾದ್ದರಿಂದಲೇ ಕೇಳಬೇಕು. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಪೌಲ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದವನೊಬ್ಬನನ್ನು ಜೊತೆಗೆ ಹಾಕಿಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು 2 ಕೊರಿಂಥ 8ರಲ್ಲಿ ಬರೆದಿದ್ದಾನೆ. ಅಪೊಸ್ತಲನಿಗೇ ಬೇಕಾದದ್ದು ನಿಮ್ಮ ಸಭೆಗೆ ಬೇಡವೇ?

ನಾವು ಎಣಿಸುತ್ತಿದ್ದ ರೀತಿ ಹೇಳುತ್ತೇನೆ. ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆ, ಬಾಗಿಲು ತೆರೆದೇ ಇರಬೇಕು. ಇಬ್ಬರು, ಒಂದೇ ಮನೆಯವರಲ್ಲ. ಚೀಲವನ್ನು ಮೇಜಿನ ಮೇಲೆ ಸುರಿದು, ಒಬ್ಬರು ಎಣಿಸಿ ಚೀಟಿಯಲ್ಲಿ ಬರೆದು ಚೀಟಿ ಮಡಿಸುತ್ತಾರೆ, ಇನ್ನೊಬ್ಬರು ಮತ್ತೆ ಮೊದಲಿಂದ ಎಣಿಸುತ್ತಾರೆ, ಆಮೇಲೆ ಎರಡೂ ಚೀಟಿ ಬಿಚ್ಚುವುದು. ಎಂಟು ಮಡಿಕೆ ಮಾಡಿದ ನೋಟು ವಾರಕ್ಕೊಂದಾದರೂ ಇರುತ್ತಿತ್ತು. ಅದನ್ನು ಬಿಚ್ಚಲು ಸಮಯ ಹಿಡಿಯುತ್ತದೆ, ಹರಿಯಬಾರದು. ಯಾರದು ಎಂದು ನಾವು ಯಾವತ್ತೂ ಮಾತಾಡಿಕೊಳ್ಳಲಿಲ್ಲ.

ಹಣ ಕಡಿಮೆ ಬಂದ ದಿನ ಎಲ್ಲರೂ ಹುಡುಕುತ್ತಾರೆ. ನನ್ನ ಕೊನೆಯ ವರ್ಷ ಒಂದು ಭಾನುವಾರ ಒಂದು ಸಣ್ಣ ನಾಣ್ಯದಷ್ಟು ಹೆಚ್ಚು ಬಂತು. ಜೊತೆಗಿದ್ದ ಹುಡುಗ, ಆಗ ತಾನೇ ಕೆಲಸಕ್ಕೆ ಸೇರಿದವನು, “ಹೆಚ್ಚಾದರೆ ಏನಮ್ಮ, ದೇವರಿಗೇ ತಾನೇ” ಅಂದ. ಕೂರು ಅಂದೆ. ಮೂರು ಸಲ ಎಣಿಸಿದೆವು. ಹೊರಗೆ ಕತ್ತಲಾಗುತ್ತಿತ್ತು, ಅವನ ಫೋನ್ ಎರಡು ಸಲ ಹೊಡೆದುಕೊಂಡಿತು. ಕೊನೆಗೆ ಹಿಂದಿನ ವಾರದ ಪುಟ ತಿರುಗಿಸಿದರೆ ಅಲ್ಲಿ ಒಂದು ನಾಣ್ಯ ಕಡಿಮೆ ಬರೆದಿದ್ದೆ, ನನ್ನದೇ ಕೈಬರಹ. ಚೀಲದ ಮೂಲೆಯ ಹೊಲಿಗೆಯಲ್ಲಿ ಅದು ಒಂದು ವಾರ ಸಿಕ್ಕಿಕೊಂಡು ಕೂತಿತ್ತು. ತಿದ್ದಿ, ಇಬ್ಬರೂ ಸಹಿ ಹಾಕಿದೆವು. ಈಗ ಅಲ್ಲಿ ಖಜಾಂಚಿ ಅವನೇ. ನಿಮ್ಮ ಪ್ರಶ್ನೆಯನ್ನು ಅವನಿಗೆ ಓದಿ ಹೇಳಿದೆ. “ಅವರ ಸಭೆಯಲ್ಲಿ ಎಣಿಸುವವರು ಎಷ್ಟು ಜನ ಅಂತ ಕೇಳಿ” ಅಂದ.